ನಾಕಾದಲ್ಲಿ ಓದಿದ ಸಾಲಪತ್ರ

ಹುಮನಾಬಾದಿನಿಂದ ಕಲ್ಯಾಣದ ಮೇಲಿಂದ ಸೋಲಾಪುರಕ್ಕೆ ಹೊರಟಿದ್ದ ನಮ್ಮ ಮೋಟಾರನ್ನು ನಿಜಾಮ ಸರಕಾರದ ಗಡಿ ನಾಕಾದಲ್ಲಿ ತಡೆದರು. ಯುದ್ಧದ ಕಾಲ; ರೊಕ್ಕ ಹೊರಗೆ ಹೋಗದಂತೆ ಎಲ್ಲರ ಗಂಟುಗಳನ್ನೂ ಬಿಚ್ಚಿ ನೋಡುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಮಂಠಾಳದ ಮುದುಕಿ, ಸೋಲಾಪುರದ ದವಾಖಾನೆಯಲ್ಲಿದ್ದ ಮಗಳ ಕಣ್ಣಿನ ಆಪರೇಶನ್ನಿಗೆಂದು ಹೊರಟಿದ್ದಳು. ಅವಳ ಗಂಟಿನಲ್ಲಿ ಒಂದು ಇಂಗ್ಲಿಷ್ ಕಾಗದ ಸಿಕ್ಕಿತು. ನಾಕೇದಾರ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕೈಗೆ ಕೊಟ್ಟ.

"ಇದೇನದ ನೋಡ್ರಿ."

ಇಂಗ್ಲಿಷ್ ಬಲ್ಲ ಗರ್ವದಿಂದ ನಾನು ಪೂರ್ತಿ ಓದಿ, ಬ್ರಿಟಿಷ್ ಸರಕಾರದ ಸಾಲಪತ್ರವೆಂದು ಅರ್ಥವನ್ನೂ ಬಿಡಿಸಿ ಹೇಳಿದೆ.

"ಬಾಂಡ್ ಅನ್ರಿ! ಇದು ಗಡಿ ದಾಟಂಗಿಲ್ಲ. ಅವ್ವಾ, ನೀವು ಬೇಕಾದ್ರ ಹೋಗ್ರಿ."

"ಇದನ್ನ ಮುರಿಸೇ ದವಾಖಾನಿಗೆ ಕೊಡಬೇಕ್ರಿ ಸಾಹೇಬ್ರ. ಹೋದ ವರ್ಷ ನಮ್ಮ ಮೈದುನ ಬರೀ ಹೆಸರ ಬರೆಸಿ ಇಂಥಾದ್ದೇ ಒಂದ ಒಯ್ದಾನಲ್ರಿ."

"ಅದು ಹೋದ ವರ್ಷದ ಕಾನೂನು. ಅದರ ಹಿಂದಿನ ವರ್ಷ ಅಷ್ಟೂ ಇದ್ದಿಲ್ಲ. ಈಗ ಹೈದರಾಬಾದಿನ ಇಜಾಜತ್, ಅಂದ್ರ ಪರವಾನಗಿ, ಬೇಕು."

"ಎಷ್ಟ ದಿನಕ್ಕ ಬರ್ತದ್ರಿ?"

"ಯಾರಿಗೆ ಗೊತ್ತು? ಇಲ್ಲೀತನ ಒಬ್ಬರಿಗೂ ಬಂದಿಲ್ಲ."

"ಅಲ್ಲೀತನ ನನ್ನ ಮಗಳ ಕಣ್ಣ ಕಾಯ್ತಾವೇನ್ರಿ?"

ನಾಕೇದಾರ ಮುಂದಿನ ಗಂಟು ಬಿಚ್ಚಿದ. ಮುದುಕಿ ಕಾಗದ ಮಡಚಿಕೊಂಡು ಕೆಳಗಿಳಿದಳು. ಇಳಿದವಳು ನನ್ನ ಕಡೆ ತಿರುಗಿದಳು.

"ಓದಾಕ ಬರಂಗಿಲ್ಲ ಅಂದಿದ್ರ ನಿಮ್ಮದೇನ್ ಹೋಗ್ತಿತ್ರಿ, ಅಣ್ಣಾ?"

ಮೋಟಾರು ಹೊರಟಿತು. ಆ ದಿನ ನಾಕೇದಾರನ ಕೆಲಸವನ್ನೆಲ್ಲ ಮಾಡಿಕೊಟ್ಟವನು ನಾನೇ. ಸಂಬಳವೊಂದನ್ನು ಮಾತ್ರ ಅವನು ತೆಗೆದುಕೊಂಡ.