ಕೈರೋದಲ್ಲಿ ಒರಗಿದವ

ನಮ್ಮ ಮನೆಯಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಬರೆಸಿಕೊಂಡವನು ನಾನೇ ಮೊದಲು. ಕೊಕ್ಕರ್ಣೆಯ ಗೇಣಿ ಗದ್ದೆಯಲ್ಲಿ ಅಪ್ಪಯ್ಯ ಉತ್ತದ್ದು, ಹೆತ್ತಬ್ಬಿ ಊರವರ ಭತ್ತ ಕುಟ್ಟಿದ್ದು, ನಾನು ಮಂಗಳೂರಿನಲ್ಲಿ ಬೇರೆಯವರ ಮಕ್ಕಳಿಗೆ ಪಾಠ ಹೇಳಿ ಅವರ ಮನೆಯ ಮೂಲೆಯಲ್ಲಿ ಮಲಗಿದ್ದು, ಎಲ್ಲ ಸೇರಿ ಆ ಎರಡು ಅಕ್ಷರ. ಹೇಳಿಕೊಳ್ಳುವುದಕ್ಕೆ ನಾಚಿಕೆಯಿಲ್ಲ. ಮುಂದಿನದನ್ನು ಓದಿ ‘ಇವನೂ ಓದಿದವನೇ?’ ಎಂದು ಕೇಳುವವರು ಇದ್ದಾರು. ಅವರಿಗಾಗಿ ಮೊದಲೇ ಹೇಳಿಬಿಟ್ಟೆ.

ಸ್ವಾತಂತ್ರ್ಯ ಬಂದು ಎರಡು ವರ್ಷ ತುಂಬಿರಲಿಲ್ಲ. ಬೊಂಬಾಯಿಯ ಒಂದು ವಿಮಾನ ಕಂಪೆನಿಯಲ್ಲಿ ನಾನು ಗುಮಾಸ್ತ. ಲಂಡನ್ನಿಗೆ ಹೋಗುವ ವಿಮಾನದಲ್ಲಿ ಯಾವ ಪೈಲಟ್ಟು, ಯಾವ ವೈರ್‌ಲೆಸ್ಸಿನವನು ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂದು ಸರದಿ ಹಾಕುವುದು ನಮ್ಮ ವಿಭಾಗದ ಕೆಲಸ. ಬೊಂಬಾಯಿಯಲ್ಲಿ ಹತ್ತಿದ ಪೈಲಟ್ಟೇ ಲಂಡನ್ನಿನಲ್ಲಿ ಇಳಿಯುತ್ತಾನೆ ಎಂದು ಜನ ತಿಳಿದಿದ್ದರು. ಹಾಗಲ್ಲ. ಅಷ್ಟು ದೂರ ಮನುಷ್ಯ ಎಚ್ಚರವಾಗಿ ಕೂರಲಾರ. ಕೈರೋದಲ್ಲಿ ಅವನೂ ಅವನ ತಂಡದವರೂ ಇಳಿಯುತ್ತಾರೆ. ಹಿಂದಿನ ವಾರ ಬಂದು ಅಲ್ಲಿ ದಣಿವಾರಿಸಿಕೊಂಡಿದ್ದ ತಂಡ ಅದೇ ವಿಮಾನ ಹತ್ತಿ ಮುಂದಕ್ಕೆ ಒಯ್ಯುತ್ತದೆ. ಇಳಿದವರು ಮುಂದಿನ ವಾರದ ವಿಮಾನ ಬರುವ ತನಕ ಅಲ್ಲೇ. ಲಂಡನ್ನಿನಲ್ಲೂ ಹೀಗೇ, ಮರಳುವಾಗಲೂ ಹೀಗೇ. ವಿಮಾನಕ್ಕೆ ನಿದ್ದೆಯಿಲ್ಲ, ದಾರಿಯುದ್ದಕ್ಕೂ ಮನುಷ್ಯರು ಉದುರುತ್ತ ಹೋಗುತ್ತಾರೆ. ಒಂದು ತಂಡ ಬಿಟ್ಟೆದ್ದ ಹಾಸಿಗೆಯಲ್ಲಿ ಇನ್ನೊಂದು ತಂಡ ಮಲಗುತ್ತದೆ. ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಬದುಕಿದ ಇಬ್ಬರು ಪೈಲಟ್ಟುಗಳು ವಿಮಾನದ ಏಣಿಯ ಬುಡದಲ್ಲಿ ಎರಡು ಮಾತಾಡಿದ್ದು ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅವರ ಸರದಿ ಬರೆದವನು ನಾನೇ.

ನಮ್ಮ ಕರಾವಳಿಯ ಬಸ್ಸಿನದು ಇದರ ತಿರುಗುಮುರುಗು. ಆಗ ಹೊಳೆಗಳಿಗೆ ಸೇತುವೆಯಿರಲಿಲ್ಲ. ಮಾಬುಕಳದಲ್ಲಿ, ತಲ್ಲೂರಿನಲ್ಲಿ, ಅರಾಟೆಯಲ್ಲಿ ಬಸ್ಸು ಹೊಳೆಯ ದಡಕ್ಕೆ ಬಂದು ನಿಲ್ಲುತ್ತಿತ್ತು. ಜನ ಇಳಿದು ದೋಣಿಯಲ್ಲಿ ದಾಟಿದರೆ ಆಚೆ ದಡದಲ್ಲಿ ಇನ್ನೊಂದು ಬಸ್ಸು. ಒಂದೊಂದು ಬಸ್ಸೂ ಅದರ ಡ್ರೈವರೂ ಎರಡು ಹೊಳೆಗಳ ನಡುವೆಯೇ ಓಡಾಡಿ ಕತ್ತಲಾಗುವಾಗ ಮನೆ ಸೇರುತ್ತಿದ್ದರು. ಗಾಡಿ ಓಡಿಸುವವನ ಬಾಳು ಎಂದರೆ ನಮ್ಮ ಕಡೆಯವರ ತಲೆಯಲ್ಲಿ ಇದ್ದದ್ದು ಇದೇ.

ನನ್ನ ಚಿಕ್ಕಮ್ಮನ ಮಗಳನ್ನು ಬೈಂದೂರಿಗೆ ಕೊಟ್ಟಿತ್ತು. ಅವಳ ಗಂಡ, ನನ್ನ ಭಾವ, ಯುದ್ಧಕಾಲದಲ್ಲಿ ಸೈನ್ಯ ಸೇರಿ ವೈರ್‌ಲೆಸ್ ಕಲಿತು, ಆಮೇಲೆ ನಮ್ಮದೇ ಕಂಪೆನಿಗೆ ಬಂದವನು. ಪೈಲಟ್ಟರ ಜೊತೆಗೇ ಅವನ ಸರದಿ. ಆ ಬೇಸಿಗೆ ನಾನು ರಜೆಯ ಮೇಲೆ ಊರಿಗೆ ಬಂದಾಗ ಅವನು ಕೈರೋದಲ್ಲಿ ಇಳಿದಿದ್ದ. ಸುದ್ದಿ ಹೇಳಿ ಬರೋಣವೆಂದು ಬೈಂದೂರಿಗೆ ಹೋದೆ. ಮನೆಯಲ್ಲಿ ಇದ್ದದ್ದು ತಂಗಿ ಮತ್ತು ಅವಳ ಅತ್ತೆ, ಇಬ್ಬರೇ.

“ಹ್ವಾಯ್, ಬೊಂಬಾಯಿ ಸಾಯ್ಬ್ರ್ ಬಂದ್ರ್!” ಎಂದು ಅತ್ತೆ ಅಂಗಳದಿಂದಲೇ ಕೂಗಿದರು. “ನನ್ನ ಮಗನ್ನ ಎಲ್ ಇಳ್ಸಿ ಬಂದೆ ಮಾರಾಯ?”

“ಕೈರೋದಗೆ ಇದ್ದ ಅತ್ತೆ. ಮುಂದಿನ್ ವಾರದ್ ವಿಮಾನ ಬಪ್ಪಲ್ಲಿವರಿಗೆ ಅಲ್ಲೇ.”

“ಗಾಡಿ ಬಿಟ್ಟವ ಮನಿಗ್ ಬಪ್ಪುದಲ್ದಾ? ನಮ್ ಬಸ್ಸಿನ್ ಡ್ರೈವರ್ನ ಕಾಣ್. ಹೊಳಿ ಮುಟ್ರೆ ತಿರ್ಗ್ತ, ಕತ್ಲಿಗೆ ಮನೀಲಿ ಊಟ. ನಿಮ್ದ್ ಎಂತ ಕಂಪೆನಿ, ನಡು ದಾರೀಲಿ ಮನ್ಷರ್ನ ಇಳ್ಸಿ ಹೋಪ್ದ್?”

ನಾನು ನಕ್ಕೆ. ಅವರು ನಗಲಿಲ್ಲ. ಜಗಲಿಯ ಬೆಂಚಿನ ಮೇಲೆ ಕೂರಲು ಹೋದರೆ “ಅಲ್ಲ್ ಬೇಡ” ಎಂದು ಚಾಪೆ ಹಾಸಿದರು. ಬೆಳಗಿನ ಬಿಸಿಲು ಬೆಂಚಿನ ಮೇಲೆ ಬಿದ್ದಿತ್ತು. ಬೆಕ್ಕು ಅದರ ಒಂದು ತುದಿಯಲ್ಲಿ ಮುದುಡಿ ಮಲಗಿತ್ತು, ಇನ್ನೊಂದು ತುದಿ ಖಾಲಿ.

ಬಾವಿಕಟ್ಟೆಯಲ್ಲಿ ನನ್ನ ಕಾಲಿಗೆ ನೀರು ಹೊಯ್ಯುತ್ತ ತಂಗಿ ಸಣ್ಣ ದನಿಯಲ್ಲಿ ಹೇಳಿದಳು. “ಅಣ್ಣಯ್ಯ, ಅವ್ರ್ ಬತ್ರ್.”

“ಯಾರ್?”

“ಅವ್ರೇ. ಬೆಳಿಗ್ಗೆ ಬಂದ್ ಬೆಂಚಿನ್ ಮೇಲ್ ಕೂಕಂತ್ರ್. ಕಾಂಬುದಿಲ್ಲೆ. ಬೆಂಚ್ ಮಾತ್ರ ಒಂಚೂರ್ ತಗ್ಗ್ತ್. ಹಟ್ಟಿಯಗಿನ ದನ ಅವ್ರ್ ಬಂದ್ರೆ ಹ್ಯಾಂಗ್ ಕೂಗ್ತೋ ಹಾಂಗೇ ಕೂಗ್ತ್. ಬಿಸ್ಲ್ ಏರಿದ್ ಮೇಲ್ ಎದ್ದ್ ಹೋತ್ರ್.”

“ನಿಂಗ್ ಮರ್ಲ್, ತಲಿ ಕೆಟ್ಟಿತ್” ಎಂದೆ. “ಅಂವ ಅಲ್ಲ್ ಮನಿಕಂಡ್ ಗೊರ್ಕಿ ಹೊಡಿತಿದ್ದ.”

“ಹಾಂಗಾರ್ ಸಮ ಆಯ್ತಲೆ, ಅಲ್ಲ್ ನಿದ್ದಿಯಗೆ ಒರಗಿದ್ ಹೊತ್ತಿಗೇ ಇಲ್ಲ್ ಬಪ್ಪುದ್” ಎಂದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. “ದಿನಾ ಒಂದೇ ಹೊತ್ತಲ್ಲ ಅಣ್ಣಯ್ಯ. ಕೆಲವ್ ವಾರ ಬೇಗ ಏಳ್ತ್ರ್. ಕೆಲವ್ ವಾರ ಗಂಜಿ ಬಡ್ಸು ಹೊತ್ತಿನ್ ತನ್ಕ ಕೂಕಂತ್ರ್. ಮತ್ತೆ ಕೆಲವ್ ವಾರ ಬಪ್ಪುದೇ ಇಲ್ಲೆ.”

ನಾನು ಕಾಲು ಉಜ್ಜುವುದನ್ನು ನಿಲ್ಲಿಸಿದೆ. ಕೈರೋದ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ನಮ್ಮ ಬೆಳಗಿನ ಬಿಸಿಲೆಂದರೆ ಅಲ್ಲಿ ಇನ್ನೂ ನಿದ್ದೆಯ ಹೊತ್ತು. ಲಂಡನ್ ಇನ್ನೂ ಹಿಂದೆ. ಅಲ್ಲಿ ಮಲಗಿದವನು ಏಳುವಾಗ ನಮ್ಮಲ್ಲಿ ಗಂಜಿಯ ಹೊತ್ತು. ಅವಳು ಯಾವ ವಾರ ಯಾವುದೆಂದು ಹೇಳುತ್ತ ಹೋದಳು. ನಾನೇ ಹಾಕಿದ ಸರದಿ ನನಗೆ ಬಾಯಿಪಾಠ. ಬೇಗ ಎದ್ದ ವಾರ ಕೈರೋ. ತಡವಾಗಿ ಎದ್ದ ವಾರ ಲಂಡನ್. ಬಾರದ ವಾರ ಬೊಂಬಾಯಿ. ಬೊಂಬಾಯಿಯಲ್ಲಿದ್ದಾಗ ಅವನ ರಾತ್ರಿಯೇ ಇವರ ರಾತ್ರಿ. ಬಂದು ಕೂತರೂ ನೋಡುವವರು ಯಾರು? ಕೈರೋ ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗಂಡ ಅವಳಿಗೆ ದಿನ ತಿಳಿಸಿದವನೂ ಅಲ್ಲ.

ಅವಳಿಗೆ ಬೇಕಾದದ್ದು ನನ್ನ ನಂಬಿಕೆಯಲ್ಲ, ಬೇರೆ. ಅತ್ತೆ ಒಬ್ಬ ಮುದುಕನನ್ನು ಗೊತ್ತುಮಾಡಿದ್ದರು. ಮನೆಗೆ ಬಂದು ಕಾಡುವುದನ್ನು ಕಟ್ಟು ಹಾಕಿ ನಿಲ್ಲಿಸುವವನು ಅವನು. ಅಮಾವಾಸ್ಯೆಯ ಬೆಳಿಗ್ಗೆ ಜಗಲಿಯ ಕಂಬಕ್ಕೆ ತಾಮ್ರದ ಮೊಳೆ ಹೊಡೆಯುವುದೆಂದು ನಿಶ್ಚಯವಾಗಿತ್ತು. ಆಮೇಲೆ ಏನೂ ಆ ಮೆಟ್ಟಿಲು ಹತ್ತುವಂತಿಲ್ಲ.

“ಅಮಾಸಿ ಬೆಳಿಗ್ಗೆ ಅವ್ರ್ ಒರಗಿರ್ತ್ರಾ, ಎಚ್ಚರ ಇರ್ತ್ರಾ? ಅದೊಂದ್ ಹೇಳ್ ಸಾಕ್” ಎಂದಳು. “ಎಚ್ಚರ ಇದ್ರೆ ಹೊಡೀಲಿ. ಒರಗಿ ಇಲ್ಲ್ ಬಂದ್ ಕೂತಿಪ್ಪತಿಗೆ ಮೊಳೆ ಹೊಡ್ದ್ರೆ ಅವ್ರ್ ಅಲ್ಲ್ ಏಳುದ್ ಹ್ಯಾಂಗೆ?”

ಓದಿದವನಾಗಿ ನಾನು ಬೈಯಬೇಕಿತ್ತು. ಬೈಯಲಿಲ್ಲ, ಲೆಕ್ಕ ಹಾಕಿದೆ. ಮುಂದಿನ ವಿಮಾನ ಲಂಡನ್ನಿನಿಂದ ಮರಳಿ ಕೈರೋಗೆ ಬರುತ್ತದೆ, ಭಾವನ ತಂಡ ಹತ್ತುತ್ತದೆ, ಅಮಾವಾಸ್ಯೆಯ ಬೆಳಿಗ್ಗೆ ಅವನು ಸಮುದ್ರದ ಮೇಲೆ ಕಿವಿಗೆ ವೈರ್‌ಲೆಸ್ ಹಾಕಿಕೊಂಡು ಕೂತಿರುತ್ತಾನೆ. ವೈರ್‌ಲೆಸ್ಸಿನವನಿಗೆ ಹಾರುವಾಗ ಕಣ್ಣು ಮುಚ್ಚುವ ಹಾಗಿಲ್ಲ. “ಎಚ್ಚರ ಇರ್ತ” ಎಂದೆ. ಅವಳು ಉಸಿರು ಬಿಟ್ಟು ಕೊಡಪಾನ ಎತ್ತಿಕೊಂಡಳು.

ನಾನು ರಜೆಗೆ ಇಳಿದುಕೊಂಡಿದ್ದ ಕುಂದಾಪುರದ ಅಕ್ಕನ ಮನೆಗೆ ಮರಳಿದೆ. ಅಮಾವಾಸ್ಯೆಯ ಹಿಂದಿನ ಸಂಜೆ ಪೋಸ್ಟಿನವನು ತಂತಿ ತಂದುಕೊಟ್ಟ. ನಮ್ಮ ಹೆಡ್ ಕ್ಲಾರ್ಕು ಕಳಿಸಿದ್ದು: ಕೈರೋದಲ್ಲಿ ಇಂಜಿನ್ ಕೆಟ್ಟು ವಿಮಾನ ನಿಂತಿದೆ, ಸರದಿಯೆಲ್ಲ ಹೊಸದಾಗಿ ಹಾಕಬೇಕು, ರಜೆ ರದ್ದು, ಕೂಡಲೇ ಹೊರಡು.

ಒಂದು ವಿಮಾನ ನಿಂತರೆ ಅದರೊಡನೆ ಎಲ್ಲರೂ ನಿಲ್ಲುತ್ತಾರೆ. ಮುಂದೆ ಹೋಗಬೇಕಾದವನು ಅಲ್ಲೇ, ಹಿಂದೆ ಬರಬೇಕಾದವನೂ ಅಲ್ಲೇ. ಹಾರಾಟವಿಲ್ಲದ ದಿನ ಹೋಟೆಲಿನವರು ಅಲ್ಲಿಯ ಎಂಟು ಗಂಟೆಯ ತನಕ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಅದು ಕಂಪೆನಿಯ ಕಟ್ಟಳೆ. ಎಂದರೆ ನಮ್ಮ ಹನ್ನೊಂದೂವರೆಯ ತನಕ ಭಾವ ನಿದ್ದೆಯಲ್ಲಿರುತ್ತಾನೆ. ಅದಕ್ಕೆ ಮೊದಲೇ ಮೊಳೆ ಬೀಳುತ್ತದೆ.

ಬೈಂದೂರಿನ ಕಡೆಗೆ, ಬಡಗಿಗೆ, ಹೋಗುವ ದೋಣಿ ಆ ಹೊತ್ತಿಗೆ ಮುಗಿದಿತ್ತು. ಮರುದಿನ ಬೆಳಕು ಹರಿಯುವ ಮೊದಲೇ ಕಡವಿಗೆ ಹೋಗಿ ಕೂತೆ. ತಲ್ಲೂರು ದಾಟಿದೆ, ಬಸ್ಸು ಸಿಕ್ಕಿತು. ಅರಾಟೆಯಲ್ಲಿ ನೀರು ಇಳಿದಿತ್ತು. ದೋಣಿ ನಡುಹೊಳೆಯಲ್ಲಿ ಹೊಯ್ಗೆ ಮರಳಿಗೆ ಕೂತಿತು.

“ನೀರ್ ಏರ್ಲಿ, ಹೋಪ” ಎಂದ ದೋಣಿಯವನು, ಬೀಡಿ ಹಚ್ಚುತ್ತ.

“ಬೈಂದೂರಂಗೆ ಜೀವದ್ ಕೆಲ್ಸ ಇತ್ತ್ ಮಾರಾಯ.”

“ಜೀವದ್ ಕೆಲ್ಸ ಇದ್ದವ ಇಸ್ತ್ರಿ ಪ್ಯಾಂಟ್ ಹಾಕಂಡ್ ಬತ್ನಾ?” ಎಂದು ಅವನು ನಕ್ಕ. ಉಳಿದವರೂ ನಕ್ಕರು. ನಾನು ಪ್ಯಾಂಟನ್ನು ತೊಡೆಯ ತನಕ ಮಡಚಿ ನೀರಿಗಿಳಿದೆ. ಸೊಂಟದ ತನಕ ಬಂತು, ಮೇಲೆ ಬರಲಿಲ್ಲ. ಆಚೆ ದಡದ ಬಸ್ಸಿನ ಡ್ರೈವರು ಒದ್ದೆ ಪ್ಯಾಂಟು ನೋಡಿ ಸೀಟಿನ ಮೇಲೆ ಕೂರಬೇಡವೆಂದ. ಮರವಂತೆಯ ಉದ್ದಕ್ಕೂ ನಿಂತೇ ಹೋದೆ. ಬಲಕ್ಕೆ ಹೊಳೆ, ಎಡಕ್ಕೆ ಸಮುದ್ರ, ಎರಡರಲ್ಲೂ ಒಂದು ದೋಣಿಯಿಲ್ಲ. ಅಷ್ಟು ಬಿಸಿಲಿನಲ್ಲಿ ಅಷ್ಟು ಖಾಲಿಯಾದ ನೀರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಂಗಳಕ್ಕೆ ಕಾಲಿಟ್ಟಾಗ ಮುದುಕ ಕಂಬದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಎಡಗೈಯಲ್ಲಿ ಮೊಳೆ, ಬಲಗೈಯಲ್ಲಿ ಸುತ್ತಿಗೆ. ತಂಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ನನ್ನನ್ನು ಕಂಡದ್ದೇ ಹೊರಗೆ ಬಂದಳು. “ಇವತ್ತೂ ಬಯಿಂದ್ರ್ ಅಣ್ಣಯ್ಯ” ಎಂದಳು. “ಎಚ್ಚರ ಇರ್ತ್ರ್ ಅಂದಿದ್ದೆ ನೀನ್.”

“ಮೊಳೆ ಹೊಡಿಬೇಡಿ” ಎಂದು ಕೂಗಿದೆ. “ವಿಮಾನ ಹೊರಡ್ಲೇ ಇಲ್ಲೆ. ಅಂವ ಅಲ್ಲ್ ಇನ್ನೂ ಒರಗಿದ್ದ.”

ಅತ್ತೆ ಎದ್ದು ಬಂದರು. “ಬಿ.ಎ. ಮಾಡಿದ್ದ್ ಇದ್ಕಾ? ಭೂತಕ್ಕೂ ಟೈಮ್ ಟೇಬಲ್ ಹಾಕುಕಾ? ಇವ್ಳತ್ರ ನೀನೇ ಅಡ್ಡಿಲ್ಲೆ ಅಂದ್ ದಿನ ಅಲ್ದಾ ಇದ್?”

“ಆ ದಿನ ಸಮ ಇತ್ತ್. ಇಂಜಿನ್ ಕೆಡ್ತ್.”

“ಕೆಡ್ಲಿ. ನೀವ್ ಹೊಡಿನಿ” ಎಂದು ಅವರು ಮುದುಕನ ಕಡೆ ತಿರುಗಿದರು. ಆಮೇಲೆ ಅವರ ದನಿ ಇಳಿಯಿತು. “ನಿಂಗೆಂತ ಗೊತ್ತಿತ್ತ್ ಮಗಾ? ನನ್ನ ಮಗನ್ ಅಪ್ಪ ಹಂಚ್ ತುಂಬ್ಕಂಡ್ ಹಾಯಿ ಮಂಜಿಯಗೆ ತೆಂಕ್ಲಾಯಿ ಹೋದವ್ರ್ ಹೀಂಗೇ ಬಂದ್ ಕೂಕಂಡಿದ್ರ್. ಇದೇ ಬೆಂಚ್. ನಾನ್ ಮಾತಾಡ್ಸ್ದೆ, ಚಾ ಇಟ್ಟೆ. ಮಂಜಿ ಮುಳ್ಗಿದ್ ಸುದ್ದಿ ಆಮೇಲ್ ಬಂದದ್ದ್. ಹೀಂಗ್ ಬಪ್ಪವ್ರ್ ಬದ್ಕಿದವ್ರಲ್ಲ. ನಾನ್ ಮಗನ್ನ ಕಟ್ಟುದಲ್ಲ, ಆ ಸುದ್ದಿನ ಕಟ್ಟುದ್.”

ಒದ್ದೆ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮುದುಕ ಮಾತ್ರ ನನ್ನನ್ನೇ ನೋಡುತ್ತಿದ್ದ.

“ಒರಗಿದ್ದ ಅಂಬುದ್ ಖರೆಯಾ?” ಎಂದು ಕೇಳಿದ.

ಅಂಗಿಯ ಜೇಬಿನ ತಂತಿಯನ್ನು ತೋರಿಸಿದೆ. ಅದು ಇಂಗ್ಲಿಷಿನಲ್ಲಿತ್ತು, ಅವನು ಅದನ್ನು ನೋಡಲೂ ಇಲ್ಲ. ಬೆಂಚಿನ ಕಡೆ ಒಮ್ಮೆ ನೋಡಿದ. ಸುತ್ತಿಗೆಯನ್ನು ಕೆಳಗಿಟ್ಟು, ಮೊಳೆಯನ್ನು ಬಟ್ಟೆಯಲ್ಲಿ ಸುತ್ತಿದ. “ಸತ್ತವ್ರಿಗೆ ಹೊಡಿತೆ” ಎಂದ. “ಒರಗಿದವ್ರಿಗೆ ಹೊಡುದಿಲ್ಲೆ ನಾನ್.” ಮೆಟ್ಟಿಲ ಮೇಲೆ ಕಾಲು ಚಾಚಿ ಕೂತ.

ಅತ್ತೆ ನನ್ನ ತೋಳು ಹಿಡಿದರು. “ನೀನ್ ಓದಿದವ. ಅಂವ ಬದ್ಕಿದ್ರೆ, ಏಳುದ್ ಯಾವಾಗ?”

ಕೈಗಡಿಯಾರ ಹೊಳೆನೀರು ಕುಡಿದೂ ಓಡುತ್ತಿತ್ತು. ಹೊತ್ತು ಹತ್ತಿರ ಬಂದಿತ್ತು. “ಈಗ್ಳೇ” ಎಂದೆ. “ಹೋಟೆಲಿನವ ಈಗ ಬಾಗ್ಲ್ ತಟ್ತ.”

ತೆಂಗಿನ ಗರಿ ಅಲ್ಲಾಡುತ್ತಿರಲಿಲ್ಲ. ಅತ್ತೆ ನನ್ನ ತೋಳು ಬಿಟ್ಟು ಬೆಂಚಿನ ಮುಂದೆ ಹೋಗಿ ನಿಂತರು. ಅಷ್ಟು ದಿನ ಅದರ ಹತ್ತಿರ ಸುಳಿಯದವರು. ಸಣ್ಣ ಮಕ್ಕಳನ್ನು ಎಬ್ಬಿಸುವವರ ಹಾಗೆ ಬಗ್ಗಿ, ಖಾಲಿ ತುದಿಗೆ ಹೇಳಿದರು:

“ಹೊತ್ತಾಯ್ತ್ ಮಗಾ. ಏಳ್. ಬಾಗ್ಲ್ ತಟ್ತಿದ್ರ್ ಕಾಣ್.”

ಬೆಂಚಿನ ಹಲಗೆ ಒಮ್ಮೆ ಕಿರ್ ಎಂದಿತು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಮುದುಕ ಮಾತ್ರ, ಇಳಿಯುವವರಿಗೆ ದಾರಿ ಬಿಡುವವನ ಹಾಗೆ, ಮೆಟ್ಟಿಲ ಮೇಲೆ ಚಾಚಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡ.