ಬಟ್ಟೆ ಒಗೆಯುವ ಕೋಣೆಯಲ್ಲಿ ಕಾಸಿದ ಸೀಸ

ವೆಸ್ಟ್ ವರ್ಜೀನಿಯಾದ ನಮ್ಮ ಕಣಿವೆಯಲ್ಲಿ ಡೆಲ್ಮರ್ ಸ್ಟಟ್ಲರನಷ್ಟು ಬಂದೂಕಿನ ಗುಂಡಿನ ಹಳೆಯ ಅಚ್ಚುಗಳನ್ನು ಕೂಡಿಹಾಕಿದವನು ಇನ್ನೊಬ್ಬನಿಲ್ಲ. ಒಂದೇ ಸಲಕ್ಕೆ ನಾಲ್ಕು, ಆರು, ಹತ್ತು ಗುಂಡು ಎರೆಯುವ ಕಬ್ಬಿಣದ, ಹಿತ್ತಾಳೆಯ ಅಚ್ಚುಗಳು. ಸತ್ತವರ ಮನೆಯ ಸಾಮಾನು ಹರಾಜಿಗೆ ಬಂತೆಂದರೆ, ಸಂತಾಪ ಹೇಳುವುದಕ್ಕೆ ಮೊದಲೇ ಆಸಾಮಿ ಕೊಟ್ಟಿಗೆಗೆ ನುಗ್ಗಿರುತ್ತಿದ್ದ. ತುಕ್ಕು ಹಿಡಿದದ್ದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ಗುಳಿಯನ್ನೂ ತಿಕ್ಕಿ, ಮತ್ತೆ ಅದರಲ್ಲಿ ಸೀಸ ಹರಿಯುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅಂಗಡಿಯ ಗುಂಡು ಕೊಳ್ಳುವವನನ್ನು ಅವನು ಬೇಟೆಗಾರನೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಈ ಹುಚ್ಚಿಗೆ ಜೊತೆಯಾದವಳು ಹೆಂಡತಿ ಐವಾ. ಮದುವೆಯಾದ ಹೊಸತರಲ್ಲಿ, ಚಳಿಗಾಲಕ್ಕೆ ಶೆಡ್ಡಿನಲ್ಲಿ ಬೆರಳು ಮರಗಟ್ಟುತ್ತದೆಂದು ಅವನು ಸೀಸ ಕಾಸುವ ಒಲೆಯನ್ನು ಬಟ್ಟೆ ಒಗೆಯುವ ಕೋಣೆಗೇ ತಂದಿಟ್ಟ. ಅವನು ಸೌಟಿನಿಂದ ಸೀಸ ಹೊಯ್ಯುವನು. ಅವಳು ಮರದ ಸುತ್ತಿಗೆಯಿಂದ ಅಚ್ಚಿನ ಮೇಲಿನ ತಗಡನ್ನು ತಟ್ಟಿ, ಹೆಚ್ಚಾದ ಸೀಸವನ್ನು ಕತ್ತರಿಸುವಳು. ಅಚ್ಚು ಬಾಯಿಬಿಟ್ಟು ಆರು ಗುಂಡು ಟವೆಲ್ ಮೇಲೆ ಉದುರುವುವು. ಕೋಣೆಯ ತುಂಬ ಹೊಗೆ, ನೆಲದ ಮೇಲೆ ಬೂದು ಹುಡಿ. ಅದನ್ನು ಗುಡಿಸುವವಳೂ ಅವಳೇ, ಅವನ ಅಂಗಿ ಒಗೆಯುವವಳೂ ಅವಳೇ. ಬಾಳಿನಲ್ಲಿ ಅಷ್ಟು ನಕ್ಕ ದಿನಗಳು ಬೇರೆ ಇಲ್ಲವೆಂದು ಐವಾ ಮುದುಕಿಯಾದ ಮೇಲೂ ಹೇಳುತ್ತಿದ್ದಳು.

ಆ ವರ್ಷಗಳಲ್ಲೇ ಎರಡು ಮಕ್ಕಳು ಹೊಟ್ಟೆಯಲ್ಲೇ ಸತ್ತು ಹುಟ್ಟಿದವು. ಚರ್ಚಿನ ಹಿಂದೆ ಹೆಸರಿಲ್ಲದ ಎರಡು ಕಲ್ಲು. ಸೊಸೆ ನೀರಿನ ಬಕೆಟ್ ಎತ್ತಿದ್ದೇ ಕಾರಣವೆಂದು ಡೆಲ್ಮರನ ತಾಯಿ ತೀರ್ಪು ಕೊಟ್ಟಳು. ಅತ್ತೆಯ ತೀರ್ಪಿಗೆ ಅಪೀಲು ಎಲ್ಲಿದೆ? ಐವಾ ಅದನ್ನೇ ನಂಬಿದಳು. ಮೂರನೆಯದಕ್ಕೆ ಧೈರ್ಯ ಮಾಡಲಿಲ್ಲ. ಯಾರಾದರೂ ತಮ್ಮ ಕೂಸನ್ನು ಎತ್ತಿಕೋ ಎಂದು ಚಾಚಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಡೆಲ್ಮರನೂ ತಾಯಿಗೆ ಎದುರಾಡಲಿಲ್ಲ.

ನಲವತ್ತು ವರ್ಷಗಳಾದ ಮೇಲೆ ಒಂದು ಬಂದೂಕು ಸಂತೆಯಲ್ಲಿ ಕೋಡಿ ಎಂಬ ಯುವಕ ಹತ್ತು ಗುಳಿಯ ಒಳ್ಳೆಯ ಅಚ್ಚೊಂದನ್ನು ಮಾರಾಟಕ್ಕಿಟ್ಟಿದ್ದ. ಇಂಥದ್ದನ್ನು ಯಾರಾದರೂ ಮಾರುತ್ತಾರೆಯೇ, ತಲೆ ಕೆಟ್ಟಿದೆಯೇ ಎಂದು ಡೆಲ್ಮರ್ ಛೇಡಿಸಿದ.

"ನನ್ ಹೆಂಡ್ತಿ ಬಸುರಿ, ಯಜಮಾನ್ರೇ," ಎಂದ ಕೋಡಿ. "ಸೀಸದ ಹುಡಿ ಒಳಗೆ ಹೋದ್ರೆ ಹೊಟ್ಟೇಲಿರೋ ಮಗು ಉಳಿಯೋದೇ ಕಷ್ಟ ಅಂದ್ರು ಡಾಕ್ಟ್ರು. ನನ್ ಅಂಗೀನ ಅವಳು ಮುಟ್ಟಲೂಬಾರ್ದಂತೆ."

ಡೆಲ್ಮರ್ ಅಚ್ಚನ್ನು ಮೇಜಿನ ಮೇಲಿಟ್ಟು ಹೊರಗೆ ಬಂದು ತನ್ನ ಟ್ರಕ್ಕಿನಲ್ಲಿ ಕೂತ.

ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅವಳು ಬಾಳಿಡೀ ಹೊತ್ತ ಬಕೆಟ್ಟಿನ ಪಾಪ ಇಳಿಯುತ್ತದೆ, ನಿಜ. ಆದರೆ ಅವಳ ಪಾಲಿಗಿದ್ದ ಆ ಒಂದಿಷ್ಟು ನಗುವೂ ಹೋಗುತ್ತದೆ. ಅರ್ಧ ಅವಳ ಮೇಲಿನ ಪ್ರೀತಿ, ಅರ್ಧ ಹೇಡಿತನ. ಅಂದಿನಿಂದ ಅವನು ಒಲೆ ಹಚ್ಚಲಿಲ್ಲ.

ಆಮೇಲೆ ಐವಾಳಿಗೆ ಕ್ಯಾನ್ಸರ್ ಬಂತು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇರಲಿ ಎಂದರು. ಒಂದು ಮಧ್ಯಾಹ್ನ ಬೀನ್ಸ್ ಸಾರು ಎರಡು ಚಮಚಕ್ಕೇ ಸಾಕೆಂದು ತಲೆ ಹೊರಳಿಸಿದಳು.

"ಅಲ್ಲಿಗೆ ಹೋದ್ಮೇಲೆ ಆ ಎರಡು ಕೂಸು ಕೇಳ್ತಾವೆ ಡೆಲ್, ಯಾಕಮ್ಮ ಹಾಗ್ ಮಾಡ್ದೆ ಅಂತ. ನಾನೇನ್ ಹೇಳ್ಲಿ?"

ಇನ್ನೂ ಬಾಯಿ ಮುಚ್ಚಿಕೊಂಡಿದ್ದರೆ ಅವನು ಮನುಷ್ಯನೇ ಅಲ್ಲ. ಹೇಳಿಬಿಟ್ಟ. ಸೀಸ, ಹೊಗೆ, ಹುಡಿ, ಅಂಗಿ, ಎಲ್ಲವನ್ನೂ ಹೇಳಿದ. ಖಚಿತವಾಗಿ ಯಾರೂ ಹೇಳಲಾರರು, ಆದರೆ ಬಕೆಟ್ಟಂತೂ ಕಾರಣವಲ್ಲ ಎಂದ.

"ನಿನ್ ತಪ್ಪು ಒಂದ್ಚೂರೂ ಇಲ್ಲ, ಐವಾ. ಸೀಸ ಕಾಸ್ದೋನು ನಾನು."

ಬಯ್ಯುತ್ತಾಳೆಂದು ಅವನು ಕಾದ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಸುತ್ತಿಗೆ ನನ್ ಕೈಲಿತ್ತಲ್ಲ," ಎಂದಳು. "ನೀನು ಬೇಡ ಅಂದಿದ್ದೆ. ಸುಸ್ತಾಗುತ್ತೆ, ಹೋಗಿ ಮಲ್ಕೋ ಅಂದಿದ್ದೆ. ನಾನೇ ಹಟ ಮಾಡಿ ಕೂತ್ಕೊಂಡೆ."

ಅದು ನಿಜವಾಗಿತ್ತು. ಡೆಲ್ಮರನಿಗೆ ಮರೆತೇ ಹೋಗಿತ್ತು.

ಅವಳು ಹೊದಿಕೆಯಿಂದ ಎರಡೂ ಕೈ ಹೊರಗೆ ಚಾಚಿ, ತೊಳೆದುಕೊಡು ಎಂದಳು. ಅವನು ಬೋಗುಣಿಯಲ್ಲಿ ಬಿಸಿನೀರು, ಸೋಪು ತಂದು ಮಂಚದ ಪಕ್ಕ ಕೂತು, ಬೆರಳ ಸಂದು, ಉಗುರಿನ ಕೆಳಗೆ, ಮಣಿಕಟ್ಟಿನವರೆಗೂ ತೊಳೆದ. ನೀರು ತಿಳಿಯಾಗಿಯೇ ಇತ್ತು.

"ಇನ್ನೊಂದ್ಸಲ," ಎಂದಳು ಐವಾ.