ಗುರುವಾರ ತೊಳೆದ ಹೆಡ್‌ಲೈಟು

ನಮ್ಮ ಕಾರಿನ ಹೆಡ್‌ಲೈಟುಗಳು ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದು ಯಾವಾಗ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಮನೆಯಲ್ಲಿ ಇಂಥವೆಲ್ಲ ಆಗುವುದು ಹಾಗೆಯೇ, ಒಂದು ದಿನ ನೋಡಿದರೆ ಆಗಿಹೋಗಿರುತ್ತದೆ. ಕಾರು ಹಳೆಯದು. ಊರಿಗಾಂನ ನಮ್ಮ ಮನೆಯ ಮುಂದೆ ಬಿಸಿಲಿನಲ್ಲಿ ನಿಂತೇ ಅದರ ಅರ್ಧ ಆಯಸ್ಸು ಕಳೆದಿದೆ. ಗಾಳಿಕಾಲ ಬಂತೆಂದರೆ ಹಳೆ ಚಿನ್ನದ ಗಣಿಯವರು ಸುರಿದುಹೋದ ಸೈನೈಡ್ ದಿಬ್ಬದ ಬೂದು ಪುಡಿ ಹಾರಿ ಬಂದು ಅದರ ಮೇಲೆ ಕೂರುತ್ತದೆ, ನಮ್ಮ ಮನೆಯವರು ಒಣಬಟ್ಟೆ ಹಿಡಿದು ಗಸಗಸ ಉಜ್ಜುತ್ತಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಅಂತ ಎಷ್ಟೋ ಸಲ ಹೇಳಿದ್ದೇನೆ. ನಾನು ಹೇಳಿದ್ದನ್ನು ಕೇಳುವ ಅಭ್ಯಾಸ ಅವರಿಗಿಲ್ಲ, ಹೇಳುವುದನ್ನು ಬಿಡುವ ಅಭ್ಯಾಸ ನನಗಿಲ್ಲ.

ನಲವತ್ತೈದು ದಾಟಿದ ಮೇಲೆ ನಾನು ಡ್ರೈವಿಂಗ್ ಕಲಿತೆ. ಹಗಲು ಹೊತ್ತು ರಾಬರ್ಟ್‌ಸನ್‌ಪೇಟೆಗೆ ಹೋಗಿ ತರಕಾರಿ, ದಿನಸಿ ತಂದುಹಾಕುವ ತನಕ ಯಾರದೂ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಆ ಸೋಮವಾರ. ಬಂಗಾರಪೇಟೆಯಲ್ಲಿ ಹೊಲಿಗೆ ತರಗತಿ ನಡೆಸುವ ಒಬ್ಬಾಕೆ ಫೋನ್ ಮಾಡಿ, ಮುಂದಿನ ವಾರದಿಂದ ಸಂಜೆ ಕ್ಲಾಸಿಗೆ ಬ್ಲೌಸ್ ಕಟಿಂಗ್ ಕಲಿಸಲು ಬರುತ್ತೀರಾ ಅಂತ ಕೇಳಿದರು. ಶುಕ್ರವಾರ ಬೆಳಿಗ್ಗೆಯೊಳಗೆ ಹೇಳಿಬಿಡಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದರು. ಮದುವೆಯಾಗಿ ಮೈಸೂರು ಕಡೆಯಿಂದ ಇಲ್ಲಿಗೆ ಬಂದಾಗಿನಿಂದ ನಾನು ನಡುಮನೆಯ ಮೂಲೆಯಲ್ಲಿ ಮೆಷಿನ್ ಹಾಕಿಕೊಂಡು ಅಕ್ಕಪಕ್ಕದವರ ಬ್ಲೌಸು ಹೊಲಿದವಳು. ಕೊರಳು ಸ್ವಲ್ಪ ದೊಡ್ಡದಾದರೆ ಬೈಸಿಕೊಂಡವಳು. ನನ್ನನ್ನು ಯಾರೂ 'ಟೀಚರ್' ಅಂತ ಕರೆದಿರಲಿಲ್ಲ. ಆಕೆ ಫೋನಿನಲ್ಲಿ ಎರಡು ಸಲ ಹಾಗೆ ಕರೆದರು. ಈ ಕೆಲಸ ನನಗೆ ಬೇಕೇ ಬೇಕು ಅಂತ ಅಲ್ಲೇ ಅನಿಸಿಬಿಟ್ಟಿತು.

ಕ್ಲಾಸು ಬಿಡುವುದು ರಾತ್ರಿ ಎಂಟಕ್ಕೆ. ಆ ಹೊತ್ತಿನಲ್ಲಿ ಬಸ್ಸನ್ನು ನಂಬಿಕೊಂಡರೆ ಮನೆಯವರೆಲ್ಲ ಹಸಿದುಕೊಂಡು ಕೂರಬೇಕು. ಹಾಗಾಗಿ ಕಾರೇ ಗತಿ. ಊಟಕ್ಕೆ ಕೂತಾಗ ವಿಷಯ ಎತ್ತಿದೆ. ನಮ್ಮ ಮನೆಯವರು ಇಲ್ಲಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಬೇಡ ಅನ್ನುವುದಕ್ಕೆ ಮೊದಲು ಕಾರಣ ಹುಡುಕುವುದು ಅವರ ಪದ್ಧತಿ. ಮುದ್ದೆ ಮುರಿಯುತ್ತಾ ಹುಡುಕಿದರು.

"ಆ ಲೈಟ್ನಲ್ಲಿ ಕತ್ಲಾಗೆ ಓಡಿಸ್ತೀಯಾ? ಎದುರಿಗೆ ಎಮ್ಮೆ ಬಂದ್ರೆ ಅದೇ ನಿನ್ನ ನೋಡಿ ಪಕ್ಕಕ್ಕೋಗ್ಬೇಕು. ಬ್ಯಾಡ ಬಿಡು."

"ಲೈಟ್ ಸರಿಮಾಡಿದ್ರೆ?"

"ಮೊದ್ಲು ಮಾಡು, ಆಮೇಲೆ ನೋಡೋಣ."

ಪಕ್ಕದಲ್ಲಿ ಅತ್ತೆ ಕೂತಿದ್ದರು. ಸಾಕ್ಷಿಗೆ ಅಷ್ಟು ಸಾಕು ಅಂದುಕೊಂಡೆ.

ಹೊಸ ಹೆಡ್‌ಲೈಟನ್ನು ಬೆಂಗಳೂರಿನಿಂದ ತರಿಸಬೇಕು, ಹತ್ತು ದಿನವಾದರೂ ಬೇಕು ಅಂದ ಮೆಕ್ಯಾನಿಕ್. ನನಗಿದ್ದದ್ದು ಶುಕ್ರವಾರದ ತನಕ. ಮೊಬೈಲಿನಲ್ಲಿ ಹುಡುಕಿದರೆ ಒಬ್ಬಾತ ಹಲ್ಲುಜ್ಜುವ ಪೇಸ್ಟು, ಅಡುಗೆ ಸೋಡಾ ಹಾಕಿ ತನ್ನ ಕಾರಿನ ದೀಪವನ್ನು ಫಳಫಳ ಮಾಡಿ ತೋರಿಸುತ್ತಿದ್ದ. ಇಷ್ಟೇ ತಾನೇ, ನಾನು ಸೀದುಹೋದ ಹಾಲಿನ ಪಾತ್ರೆ ಬೆಳಗಿದವಳು ಅಂತ ಮಂಗಳವಾರ ಬೆಳಿಗ್ಗೆಯೇ ಬಕೆಟ್ಟು, ಹಳೆ ಬನಿಯನ್ನು ಹಿಡಿದು ಅಂಗಳಕ್ಕಿಳಿದೆ. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು. ಅತ್ತೆಯ ತವರು ಬಂಗಾರಪೇಟೆ ಪಕ್ಕದ ಹಳ್ಳಿ. ನನ್ನ ಯಾವ ಕೆಲಸಕ್ಕೂ ಅವರ ಒಂದು ಮಾತು ಸೇರದೆ ಮುಗಿಯುವುದಿಲ್ಲ.

"ಏನಮ್ಮ ಅದು?"

"ಕಾರಿನ ಲೈಟು ತೊಳೀತೀನಿ ಅತ್ತೆ."

"ಇವತ್ತು ಯಾವ್ ವಾರ?"

"ಮಂಗಳವಾರ."

"ಮಂಗಳವಾರ, ಶುಕ್ರವಾರ ದೀಪ ತೊಳೀತಾರಾ ಯಾರಾದ್ರೂ? ಲಕ್ಷ್ಮಿ ಒಂಟೋಗ್ತಾಳೆ."

"ಇದು ಕಾರಿಂದು ಅತ್ತೆ."

"ಬೆಳಕು ಕೊಡ್ತದಾ ಇಲ್ವಾ? ಕೊಟ್ರೆ ದೀಪಾನೇ. ನಿನ್ ಗಂಡ ವಾರ ಗೀರ ನೋಡ್ದೆ ಒರೆಸಿ ಒರೆಸೀನೇ ಅದು ಇಂಗಾಗಿರೋದು."

ಅವರ ಜೊತೆ ವಾದಕ್ಕೆ ನಿಂತರೆ ಅಂದಿನ ಅಡುಗೆ ತಡವಾಗುತ್ತದೆ, ಗೆಲುವೂ ಸಿಗುವುದಿಲ್ಲ. ಇಷ್ಟು ವರ್ಷದಲ್ಲಿ ಅದೊಂದನ್ನು ಚೆನ್ನಾಗಿ ಕಲಿತಿದ್ದೇನೆ. ಬಕೆಟ್ಟು ಒಳಗೆ ತಂದಿಟ್ಟೆ. ಒಳಗೊಳಗೇ ಮೈಯೆಲ್ಲ ಉರಿಯುತ್ತಿತ್ತು.

ಬುಧವಾರ ಯಾವ ದೇವರ ಅಡ್ಡಿಯೂ ಇರಲಿಲ್ಲ. ಆದರೆ ನಮ್ಮ ಮನೆಯ ಪೇಸ್ಟು ಕೆಂಪಗೆ ಹೊಳೆಯುವ ಜೆಲ್ಲು. ಪೇಸ್ಟು ಅಂದರೆ ಪೇಸ್ಟು ಅಂದುಕೊಂಡು ಅರ್ಧ ಟ್ಯೂಬನ್ನು ಹಿಂಡಿ, ತೋಳು ಬಿದ್ದುಹೋಗುವಷ್ಟು ಉಜ್ಜಿದೆ. ನೊರೆ ಬಂತು, ಕೈಯೆಲ್ಲ ಜಾರಿತು, ಚಪ್ಪಲಿಗೂ ಒಂದಿಷ್ಟು ಅಂಟಿತು. ತೊಳೆದು ನೋಡಿದರೆ ಲೈಟು ಇದ್ದ ಹಾಗೇ ಇದೆ, ಲವಂಗದ ವಾಸನೆಯೊಂದು ಹೆಚ್ಚಾಗಿ ಬಂದಿದೆ. ಸಂಜೆ ಕೆಲಸದಿಂದ ಬಂದ ನಮ್ಮ ಮನೆಯವರು ಕಾರಿನ ಹತ್ತಿರ ನಿಂತು ಮೂಗೇರಿಸಿದರು.

"ಕಾರಿಗೆ ಅಲ್ಲುಜ್ಜಿಸಿದ್ದೀಯಾ? ಇನ್ನ ಕಾಪಿ ತಿಂಡಿ ಕೊಟ್ಬಿಡು ಅದಕ್ಕೆ."

ಆ ದಿನ ಅವರ ಕಾಫಿಗೆ ಸಕ್ಕರೆ ಹಾಕುವುದು ಮರೆತುಹೋಯಿತು. ಬೇಕಂತಲೇ ಮರೆತೆ ಅಂತ ಇಟ್ಟುಕೊಳ್ಳಿ.

ಮತ್ತೆ ಆ ವಿಡಿಯೋ ಹಾಕಿ ಈ ಸಲ ಕೊನೆಯ ತನಕ ನೋಡಿದೆ. ಜೆಲ್ಲಿಗೆ ಸುಣ್ಣದ ಪುಡಿಯಂಥ ತರಿ ಇರುವುದಿಲ್ಲ, ಬರೀ ಬಿಳಿ ಪೇಸ್ಟೇ ಆಗಬೇಕು ಅಂತ ಆ ಪುಣ್ಯಾತ್ಮ ಕೊನೆಯಲ್ಲಿ ಹೇಳಿದ್ದ. ಮೊದಲೇ ಹೇಳಲಿಕ್ಕೆ ಅವನಿಗೇನು ರೋಗವಾಗಿತ್ತೋ. ಕತ್ತಲಾಗುವುದರೊಳಗೆ ರಾಬರ್ಟ್‌ಸನ್‌ಪೇಟೆಗೆ ಹೋಗಿ ಇದ್ದುದರಲ್ಲೇ ಅಗ್ಗದ ಬಿಳಿ ಪೇಸ್ಟು, ಒಂದು ಪೊಟ್ಟಣ ಅಡುಗೆ ಸೋಡಾ ತಂದೆ.

ಗುರುವಾರ ನಮ್ಮ ಮನೆಯಲ್ಲಿ ದೀಪ ತೊಳೆಯುವ ದಿನ. ಅತ್ತೆ ದೇವರ ಮನೆಯ ಹಿತ್ತಾಳೆ ದೀಪಗಳನ್ನೆಲ್ಲ ಹಿತ್ತಲಿಗೆ ಒಯ್ದು ಹುಣಸೆಹಣ್ಣು ಹಾಕಿ ಬೆಳಗಿ, ಬಿಸಿಲಿಗೆ ಮಗುಚಿ ಹಾಕುತ್ತಾರೆ. ಆ ಗುರುವಾರ ಅದು ಮುಗಿದ ಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಿಕ್ಕ ಹುಣಸೆಹಣ್ಣನ್ನು ಅಂಗೈಯಲ್ಲಿ ಹಿಡಿದು ಸೀದಾ ಅಂಗಳಕ್ಕೆ ಬಂದರು.

"ಇವನ್ನೂ ಬೆಳಗಿಬಿಡೋಣ. ಬಾರಮ್ಮ."

ಹುಣಸೆಹಣ್ಣು ಬೇಡ, ಇದು ಪ್ಲಾಸ್ಟಿಕ್ಕು ಅಂತ ಒಪ್ಪಿಸುವುದರಲ್ಲಿ ಅರ್ಧ ಗಂಟೆ ಹೋಯಿತು. ಪೇಸ್ಟನ್ನು ಮೂಸಿ ನೋಡಿ, ನಾಲಿಗೆಗೂ ಚೂರು ಮುಟ್ಟಿಸಿಕೊಂಡು, ಪರವಾಗಿಲ್ಲ ಅಂದರು. ಬಲಗಡೆಯದು ಅವರಿಗೆ, ಎಡಗಡೆಯದು ನನಗೆ ಅಂತಾಯಿತು. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಉಜ್ಜತೊಡಗಿದೆವು. ಅತ್ತೆ ಕಾರಿಗೆ ಎಣ್ಣೆಸ್ನಾನ ಮಾಡಿಸುತ್ತಿರುವವರ ಹಾಗೆ ಅದರ ಜೊತೆ ಮಾತಾಡುತ್ತಿದ್ದರು. ತಿರುಗಲಾ, ಎಷ್ಟು ಕೊಳೆ ಮಾಡ್ಕೊಂಡಿದ್ದೀಯಾ ನೋಡು ಅಂತ ಗದರುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ನೀರು ಹಾಕಿದಾಗ ಅರಿಶಿನ ಕಲಸಿದ ಹಾಗೆ ಹಳದಿ ರಾಡಿ ಇಳಿಯಿತು. ಮೊದಲ ಸಲವೇ ಆಗಲಿಲ್ಲ. ಮತ್ತೆ ಸೋಡಾ ಸೇರಿಸಿದೆವು, ಮತ್ತೆ ಉಜ್ಜಿದೆವು. ಬಿಸಿಲೇರುವ ಹೊತ್ತಿಗೆ ಮಸುಕು ಬಿಡುತ್ತಾ ಬಂದು, ಒಳಗಿನ ಬಲ್ಬು, ಬಲ್ಬಿನ ಪಕ್ಕದಲ್ಲಿ ಯಾವ ಕಾಲದಲ್ಲೋ ಸತ್ತುಬಿದ್ದಿದ್ದ ಒಂದು ಹುಳ, ಎಲ್ಲವೂ ಕಂಡವು. ಹೊಸದರಂತೆ ಆಯಿತು ಅಂದರೆ ಸುಳ್ಳಾಗುತ್ತದೆ. ಒಂದೆರಡು ಗೀರು ಉಳಿದವು. ಆದರೆ ಗಾಜು ಅನ್ನಬಹುದಾದಷ್ಟು ತಿಳಿಯಾಯಿತು.

"ನಿಂದಕ್ಕಿಂತ ನಂದೇ ಬೆಳ್ಳಗಾಗೈತೆ," ಅಂದರು ಅತ್ತೆ. ನಿಜ ಹೇಳಬೇಕೆಂದರೆ ನನ್ನದೇ ಚೆನ್ನಾಗಿತ್ತು. ಅವರದೇ ಚೆನ್ನಾಗಿದೆ ಅಂದೆ.

ಬಟ್ಟೆ ಒಗೆದು ಹಾಕಿ ಬರುವಷ್ಟರಲ್ಲಿ ಎರಡೂ ಲೈಟಿನ ನಡುಮಧ್ಯಕ್ಕೆ ಅರಿಶಿನ, ಕುಂಕುಮ ಇಟ್ಟಾಗಿತ್ತು. ತೊಳೆದ ದೀಪಕ್ಕೆ ಬೊಟ್ಟಿಡದೆ ಬಿಡುವುದುಂಟೇ. ಬಾನೆಟ್ ಮೇಲೆ ಒಂದು ಕನಕಾಂಬರವೂ ಕೂತಿತ್ತು. ಎರಡು ಕೆಂಪು ಬೊಟ್ಟಿಟ್ಟುಕೊಂಡು ಕಾರು ನಿಶ್ಚಿತಾರ್ಥಕ್ಕೆ ಹೊರಟ ಹಾಗೆ ನಿಂತಿತ್ತು. ಬೆಳಕೆಲ್ಲ ಕೆಂಪಗಾಗುತ್ತೆ ಅತ್ತೆ ಅಂತ ಗೋಗರೆದು ಬೊಟ್ಟನ್ನು ಬಂಪರಿಗೆ ಇಳಿಸಿದೆ. ಹೂವನ್ನು ಮಾತ್ರ ಅವರು ಮುಟ್ಟಲು ಬಿಡಲಿಲ್ಲ.

ಸಂಜೆ ನಮ್ಮ ಮನೆಯವರು ಬಂದರು. ಕತ್ತಲಾಗುತ್ತಿತ್ತು. ನಾನು ಲೈಟು ಹಾಕಿದೆ. ಎದುರುಮನೆ ಗೋಡೆಯ ಮೇಲೆ ಎರಡು ಬೆಳ್ಳನೆ ವೃತ್ತ ಬಿದ್ದು, ಅದರಲ್ಲಿ ಹಲ್ಲಿಯೊಂದು ಓಡಿದ್ದೂ ಕಂಡಿತು. ಅವರು ಸುತ್ತ ಬಂದು ನೋಡಿದರು.

"ಲೈಟೇನೋ ಪರ್ವಾಗಿಲ್ಲ. ಟೈರು ಸವೆದೈತಲ್ಲ."

"ಟೈರು ಹೋದ ಸಲ ಸರ್ವಿಸ್‌ನಲ್ಲಿ ಹೊಸದಾಗಿ ಹಾಕ್ಸಿದ್ದು ನೀವೇ."

"ವೈಪರ್ ಸರಿಯಿಲ್ಲ."

"ಮಳೆ ಎಲ್ಲಿದೆ?"

"ಅಂಗಲ್ಲ ಕಣೇ. ಎಂಟ್ ಗಂಟೆ ಮೇಲೆ ಎಂಗ್ಸು ಒಬ್ಳೇ ಗಾಡಿ ಓಡಿಸ್ಕೊಂಡು ಬರೋದು ಅಂದ್ರೆ…"

ಅಲ್ಲಿಗೆ ನನಗೆ ಅರ್ಥವಾಯಿತು. ಲೈಟು ಸೂರ್ಯನ ಹಾಗೆ ಉರಿದರೂ ಈ ಮನುಷ್ಯ ಒಪ್ಪುವುದಿಲ್ಲ. ಎರಡು ದಿನ ತೋಳು ನೋಯಿಸಿಕೊಂಡದ್ದು, ಅತ್ತೆಯ ಕೈಯಲ್ಲೂ ಉಜ್ಜಿಸಿದ್ದು ಎಲ್ಲ ನೀರಿನಲ್ಲಿ ಹೋಮ. ಬೆಳಗಾದರೆ ಹೊಲಿಗೆ ತರಗತಿಯ ಆಕೆಗೆ ಫೋನ್ ಮಾಡಿ, ಆಗುವುದಿಲ್ಲ ಅಂತ ಹೇಳಬೇಕು. ನನಗೆ ಅಳು ಬಂತು. ದುಃಖದ್ದಲ್ಲ, ಸಿಟ್ಟಿನ ಅಳು. ಲೈಟು ಆರಿಸಲು ಕೈ ಹಾಕಿದೆ.

"ಆರಿಸ್ಬೇಡ," ಅಂತ ಕೇಳಿಸಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಒಳ್ಳೆ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಕಿವಿಗೆ ಟವಲು ಸುತ್ತಿಕೊಂಡು ತಯಾರಾಗಿದ್ದರು. "ತೊಳೆದ್ ದೀಪ ಸಂಜೆಗೆ ಅಚ್ಚದಂಗೆ ಇಕ್ಕಬಾರ್ದು. ನಡಿಯಮ್ಮ, ಬಂಗಾರಪೇಟೆ ತಂಕ ಓಗ್ಬರೋಣ."

"ಈಗಾ? ಅವಳ್ ಜೊತೆನಾ?" ಅಂದರು ನಮ್ಮ ಮನೆಯವರು.

"ಉಜ್ಜಿದ್ದು ನಾವು. ನೀನ್ ಬೇಕಾದ್ರೆ ಬಾ."

ಅತ್ತೆ ಮುಂದಿನ ಬಾಗಿಲು ತೆಗೆದರು. ಅಮ್ಮ, ಹಿಂದೆ ಕೂತ್ಕೊ ಅಂದರು ಮಗ. ನೀನೇ ಕೂತ್ಕೊ ಇಂದೆ ಅಂತ ಅತ್ತೆ ಕೂತೇ ಬಿಟ್ಟರು. ಸೀಟ್ ಬೆಲ್ಟು ಹಾಕಲು ಬರಲಿಲ್ಲ, ನಾನೇ ಬಗ್ಗಿ ಹಾಕಿದೆ.

ಊರು ದಾಟಿದ ಮೇಲೆ ಬೀದಿದೀಪಗಳು ಮುಗಿದು, ಇದ್ದದ್ದು ನಮ್ಮ ಎರಡು ಲೈಟುಗಳ ಬೆಳಕು ಮಾತ್ರ. ರಸ್ತೆ ಅಂಚಿನ ಬಿಳಿ ಗೆರೆ, ಹುಣಸೆಮರಗಳ ಬುಡ, ಮನೆಗೆ ಹೊಡೆದುಕೊಂಡು ಹೋಗುತ್ತಿದ್ದ ಹಸುಗಳ ಕಣ್ಣು ಒಂದೊಂದೇ ಎದ್ದು ಬಂದು ಹಿಂದಾಗುತ್ತಿದ್ದವು. ಹಿಂದಿನ ಸೀಟಿನಲ್ಲಿ ನಮ್ಮ ಮನೆಯವರು ಇಲ್ಲದ ಬ್ರೇಕನ್ನು ತುಳಿದು ತುಳಿದು ಸುಸ್ತಾಗುತ್ತಿದ್ದರು. ಲಾರಿ ಬಂದಾಗೊಮ್ಮೆ ನನ್ನ ಸೀಟನ್ನು ಹಿಡಿದುಕೊಳ್ಳುತ್ತಿದ್ದರು. ಅತ್ತೆ ಮಾತಾಡಲೇ ಇಲ್ಲ. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ, ಎಲ್ಲೋ ಭಯವಾಗಿರಬೇಕು ಅಂದುಕೊಂಡೆ.

ಬಂಗಾರಪೇಟೆ ಇನ್ನೇನು ಬಂತು ಅನ್ನುವಾಗ ಹಿಂದಿನಿಂದ ಅಪ್ಪಣೆಯಾಯಿತು. "ಸಾಕು. ಲೈಟ್ ನೋಡಿದ್ದಾಯ್ತಲ್ಲ. ಇಲ್ಲೇ ತಿರುಗ್ಸು."

ನಾನು ನಿಧಾನ ಮಾಡಿದೆ. ಅತ್ತೆ ತಿರುಗಿಯೂ ನೋಡಲಿಲ್ಲ. ಕಣ್ಣು ರಸ್ತೆಯ ಮೇಲೇ ಇತ್ತು.

"ಸುಮ್ಕಿರ್ಲಾ. ನಿಮ್ಮಪ್ಪನ ಸೈಕಲ್ನಲ್ಲಿ ಇಂದೆ ಕೂತ್ಕೊಂಡು ಬಂದೆ ಈ ದಾರೀಲಿ. ಆಮೇಲೆ ನಿನ್ ಗಾಡೀಲಿ ಇಂದೆ. ಈ ಕಾರ್ ತಂದ್ಮೇಲೂ ಇಂದೇನೇ. ಈ ದಾರೀಲಿ ನಿಮ್ ಬೆನ್ನು ಬಿಟ್ರೆ ಬೇರೇನೂ ನೋಡಿಲ್ಲ ನಾನು. ಇವತ್ತು ರಸ್ತೆ ನೋಡ್ತಾ ಇವ್ನಿ. ಇನ್ನೊಂಚೂರು ಓಗ್ಲಿ."

ನಾನು ತಿರುಗಿಸಲಿಲ್ಲ. ಹಿಂದಿನ ಸೀಟಿನಲ್ಲಿ ಬ್ರೇಕು ತುಳಿಯುವುದು ನಿಂತಿತು. ಅಂಗಡಿಗಳು ಶುರುವಾದ ಮೇಲೆ ನಮ್ಮ ಮನೆಯವರು ಸಣ್ಣಗೆ ಕೆಮ್ಮಿದರು.

"ನಿನ್ ಕ್ಲಾಸು ಯಾವ್ ಬೀದೀಲೈತೆ? ತೋರ್ಸು, ನೋಡೋಣ."

ನಾನು ಎಡಕ್ಕೆ ಇಂಡಿಕೇಟರ್ ಹಾಕಿದೆ.